ಬಿಟ್ಟಿ ಓದು, ಬಿಟ್ಟಿ ಚಾಕರಿ

ಪುಸ್ತಕದ ಪಿಡಿಎಫ್ ಹಂಚಿದವರೆಲ್ಲ ಕಳ್ಳರು ಅನ್ನೋ ಮಾತನ್ನು ನಾವು ಒಪ್ಪುವುದಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ತವರ ಹುಯ್ಯಿರಿ ಎಂದು ಧರ್ಮಸೂತ್ರ ಬರೆದಿಟ್ಟ ನೆಲ ಇದು. ಅಂದು ಅಕ್ಷರಕ್ಕೆ ಜಾತಿಯ ಬೇಲಿ; ಇಂದು ಅದರ ಜೊತೆಗೆ ಬೆಲೆಯ ಬೇಲಿ. ದಿಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯೊಂದರ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪ್ರಕಾಶನಗಳು ದಾವೆ ಹೂಡಿದವು. ಪಾಠಕ್ಕೆ ಬೇಕಾದ ನಕಲು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ ಎಂದು 2016ರಲ್ಲಿ ಹೈಕೋರ್ಟು ಹೇಳಿತು. ಮರುವರ್ಷ ಅವರೇ ದಾವೆ ಹಿಂದಕ್ಕೆ ಪಡೆದರು. ಬಡ ವಿದ್ಯಾರ್ಥಿಗೆ ಸಿಕ್ಕ ನ್ಯಾಯ ಅದು.

ಆದರೆ ಗೆಳೆಯರೇ, ಸಾಲ ಮಾಡಿ ಅಚ್ಚು ಹಾಕಿಸಿದ ಬಡ ಕವಿಯ ಸಂಕಲನವನ್ನು ಪುಟಪುಟವೂ ಫೋಟೋ ಹೊಡೆದು ವಾಟ್ಸಾಪಿಗೆ ಬಿಡೋದು ಯಾವ ನ್ಯಾಯ? ಹೋರಾಟದ ಹಾಡಿನಿಂದ ಬರೆದವನ ಹೆಸರು ಅಳಿಸಿ ಯೂಟ್ಯೂಬಿನಲ್ಲಿ ಕಾಸು ಎಣಿಸೋದು? ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 1957ರ ಕಾಯ್ದೆ ಬರೆದವನಿಗೇ ಉಳಿಸಿದೆ. ನಮ್ಮ ಅಪ್ಪಂದಿರು ಗೌಡರ ಅಂಗಳದಲ್ಲಿ ಬಿಟ್ಟಿ ತಮಟೆ ಬಡಿದರು. ಮಕ್ಕಳು ಬರೆದ ಪದವೂ ಬಿಟ್ಟಿಯೇ ಆಗಬೇಕಾ?

ಕೊಳ್ಳಲಾಗದ ಹುಡುಗ ಹೇಗಾದರೂ ಓದಲಿ. ತಿಂಗಳ ಸಂಬಳ ಎಣಿಸೋ ಮೇಷ್ಟರು ದುಡ್ಡು ಕೊಟ್ಟೇ ಓದಲಿ.