ಉಪಗ್ರಹ ಹೋದ ಮೇಲೆ

ಭಾರತದ ದೂರದರ್ಶನದ ಚರಿತ್ರೆ ಬರೆದವರೆಲ್ಲ ‘ಸೈಟ್’ ಎಂಬ ಹೆಸರು ಬಂದ ಕೂಡಲೇ ದನಿ ಏರಿಸುತ್ತಾರೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ನಾಸಾ ಕೊಟ್ಟ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಮುಟ್ಟಿಸಿದ ಪ್ರಯೋಗ ಅದು. ವಿಕ್ರಮ್ ಸಾರಾಭಾಯಿ ಕಂಡ ಕನಸು, ಯಶ್ ಪಾಲ್ ಮತ್ತು ಇ.ವಿ. ಚಿಟ್ನಿಸ್ ಅವರ ತಂಡ ಪಟ್ಟ ಶ್ರಮ, ಕೋಳಿಬಲೆಯಂಥ ತಂತಿಜಾಲದಲ್ಲಿ ಕಟ್ಟಿದ ಮೂರು ಮೀಟರಿನ ಛತ್ರಿ, ಹೈದರಾಬಾದಿನ ಇಸಿಐಎಲ್ ತಯಾರಿಸಿದ ಸೆಟ್ಟು: ಇದೆಲ್ಲ ಓದುಗರಿಗೆ ಗೊತ್ತಿರುವ ಸಂಗತಿ. ಜಗತ್ತಿನ ಅತಿ ದೊಡ್ಡ ಸಂವಹನ ಪ್ರಯೋಗ ಎಂಬ ಬಿರುದೂ ಅದಕ್ಕೆ ಅಂಟಿಕೊಂಡಿದೆ.

ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆಯ್ದುಕೊಂಡದ್ದು ಗುಲ್ಬರ್ಗ (ಇಂದಿನ ಕಲಬುರಗಿ), ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳನ್ನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಆಗ ರಾಯಚೂರಿಗೇ ಸೇರಿದ್ದವು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಲು ಇನ್ನೂ ಆರು ವರ್ಷ ಬೇಕಿದ್ದಾಗಲೇ ಈ ಸೀಮೆಗೆ ಟಿವಿ ಬಂದಿತ್ತು. ‘ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆ ಮೊದಲು ಸಿಕ್ಕ ಭಾಗ್ಯ’ ಎಂಬ ಮಾತು ಹುಟ್ಟಿದ್ದು ಹೀಗೆ. ಈ ಭಾಗದಲ್ಲಿ ಅಭಿಮಾನದಿಂದ ಹೇಳುವ ಮಾತದು, ಆದರೆ ಪರೀಕ್ಷೆಗೆ ನಿಲ್ಲುವುದಿಲ್ಲ. ಸೈಟ್ ಕುರಿತ ಬರಹಗಳು ಜುಲೈ 31ಕ್ಕೆ ಮುಗಿದುಬಿಡುತ್ತವೆ. ಪ್ರಯೋಗದ ನಿಜವಾದ ಗುಣ ತಿಳಿಯುವುದು ಆಗಸ್ಟ್ 1ರಿಂದ ಮುಂದೆ.

ಮೊದಲು ಅದರ ಅತಿ ಪ್ರಸಿದ್ಧ ಅಂಕಿಯನ್ನೇ ನೋಡಬೇಕು: ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಎಲ್ಲ ಪುಸ್ತಕಗಳೂ ಇದನ್ನು ಹೇಳುತ್ತವೆ. ಉಪಗ್ರಹ ಪ್ರಸಾರ ಮಾಡಿದ್ದು ನಾಲ್ಕು ಗಂಟೆ ಎಂಬುದು ನಿಜ. ರಾಯಚೂರು ಜಿಲ್ಲೆಯ ಒಂದು ಹಳ್ಳಿಗೆ ಅದರಲ್ಲಿ ಬಂದದ್ದೆಷ್ಟು? ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ ಮೀಸಲು. ಅದನ್ನು ಹಿಂದಿ, ಕನ್ನಡ, ಒಡಿಯಾ, ತೆಲುಗು ಎಂದು ನಾಲ್ಕು ಪಾಲು ಮಾಡಲಾಗಿತ್ತು. ಕನ್ನಡದ ಮಗುವಿಗೆ ಸಿಕ್ಕದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆಯ ಎರಡೂವರೆ ಗಂಟೆಯಲ್ಲಿ ಅರ್ಧ ಗಂಟೆ ಇಡೀ ದೇಶಕ್ಕೆ ಒಂದೇ ಕಾರ್ಯಕ್ರಮ, ಅದೂ ಹಿಂದಿಯಲ್ಲಿ. ಉಳಿದ ಎರಡು ಗಂಟೆ ಮತ್ತೆ ಭಾಷೆಗಳ ನಡುವೆ ಹಂಚಿಕೆ. ಹೊಲದಿಂದ ಬಂದು, ಕೈಕಾಲು ತೊಳೆದು, ಶಾಲೆಯ ಅಂಗಳದಲ್ಲೋ ಪಂಚಾಯ್ತಿ ಕಟ್ಟೆಯ ಮುಂದೋ ಕೂತ ರೈತನಿಗೆ ಅವನ ಭಾಷೆಯಲ್ಲಿ ಬಂದದ್ದು ಒಂದು ಗಂಟೆಯೂ ಅಲ್ಲ. ನಾಲ್ಕು ಗಂಟೆ ಎಂಬುದು ಉಪಗ್ರಹದ ಲೆಕ್ಕ, ಊರಿನ ಲೆಕ್ಕವಲ್ಲ. ಇಷ್ಟು ಸರಳ ಭಾಗಾಕಾರವನ್ನು ಅರ್ಧ ಶತಮಾನದಿಂದ ಈ ಪ್ರಯೋಗವನ್ನು ಹೊಗಳುತ್ತ ಬಂದವರು ಯಾಕೆ ಮಾಡಲಿಲ್ಲ?

ಆ ಒಂದು ಗಂಟೆಗೂ ಕಡಿಮೆಯ ಕನ್ನಡ ಕಾರ್ಯಕ್ರಮ ತಯಾರಾದದ್ದು ಹೈದರಾಬಾದಿನ ಕೇಂದ್ರದಲ್ಲಿ, ತೆಲುಗಿನ ಜೊತೆಗೆ. ಗಂಗಾವತಿಯಿಂದ ಮರಳಿ ಗ್ರಾಮದ ಕಡೆ ಹೋದರೆ ಕಣ್ಣಿಗೆ ಕಾಣುವುದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಅದೇ ಸೀಮೆಯ ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆ ನಂಬಿದ ಸಜ್ಜೆ, ಜೋಳ, ಕಡಲೆ. ನಾಟಿಯ ಮಾತು ಕುಷ್ಟಗಿಗೆ ಬೇಡ, ಬರಗಾಲದ ಬಿತ್ತನೆಯ ಮಾತು ಮರಳಿಗೆ ಬೇಡ. ಒಂದು ತಾಲ್ಲೂಕಿನಿಂದ ಪಕ್ಕದ ತಾಲ್ಲೂಕಿಗೆ ಬೇಸಾಯವೇ ಬದಲಾಗುವ ನಾಡಿಗೆ, ಮೂರು ಜಿಲ್ಲೆಗಳಿಗೆ ಒಂದೇ ಪಾಠ ಕಳಿಸಿ ‘ಕೃಷಿ ಶಿಕ್ಷಣ’ ಎಂದರೆ ಅದನ್ನು ಒಪ್ಪುವುದು ಕಷ್ಟ. ಮೊದಮೊದಲು ಸೆಟ್ಟಿನ ಮುಂದೆ ನೂರಾರು ಜನ ಸೇರುತ್ತಿದ್ದುದು, ತಿಂಗಳು ಕಳೆದಂತೆ ಆ ಗುಂಪು ಕರಗಿದ್ದು ಪ್ರಯೋಗದ ಮೌಲ್ಯಮಾಪಕರೇ ಬರೆದಿಟ್ಟ ವಿಷಯ. ಹೊಗಳುವವರು ಇದಕ್ಕೆ ಹೊಸತನ ಹಳತಾಯಿತು ಎಂಬ ಕಾರಣ ಕೊಡುತ್ತಾರೆ. ಸೀಮೆಯ ಬೇಸಾಯ ಬಲ್ಲವರಿಗೆ ಬೇರೆ ಕಾರಣ ಕಾಣಬೇಕು.

ಇನ್ನೊಂದನ್ನೂ ಮರೆಯಬಾರದು. ತುರ್ತುಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ. ಸೈಟ್ ಶುರುವಾದದ್ದು ಐದು ವಾರದ ನಂತರ. ಪ್ರಯೋಗದ ಇಡೀ ವರ್ಷ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಹಳ್ಳಿಗೆ ಬಂದ ಹಿಂದಿಯ ಆ ಅರ್ಧ ಗಂಟೆ, ದಿಲ್ಲಿ ಆಡಿದ ಮಾತಿಗೆ ಎದುರು ಮಾತಿಲ್ಲದ ಕಾಲದ ಅರ್ಧ ಗಂಟೆ. ಪ್ರಯೋಗದ ಘೋಷಿತ ಉದ್ದೇಶಗಳಲ್ಲಿ ಕುಟುಂಬ ಯೋಜನೆಯೂ ಒಂದು, ಮತ್ತು ಅದು ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾಲ ಎಂದು ಹಳ್ಳಿಯ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ತಂತ್ರಜ್ಞರ ಶ್ರದ್ಧೆಯನ್ನು ಇದಕ್ಕಾಗಿ ಅನುಮಾನಿಸಬೇಕಿಲ್ಲ. ಶಾಲಾ ರಜೆಯಲ್ಲಿ ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ಇದೇ ಉಪಗ್ರಹದ ಮೂಲಕ ವಿಜ್ಞಾನ ಕಲಿಸಿದ್ದು ನಿಜಕ್ಕೂ ದೊಡ್ಡ ಕೆಲಸ, ಅದರ ಬೆಲೆ ಇನ್ನೂ ಇಳಿದಿಲ್ಲ. ಸೈಟ್‌ಗೆ ಸಲ್ಲಬೇಕಾದ ಗೌರವ ಇಲ್ಲಿದೆ.

ಇನ್ನು ಆಗಸ್ಟ್ 1. ಉಪಗ್ರಹವನ್ನು ಒಂದೇ ವರ್ಷಕ್ಕೆ ಕೊಟ್ಟದ್ದು, ಒಪ್ಪಂದ 1969ರದ್ದು. ಅದು ಒಂದು ವರ್ಷಕ್ಕೇ ಮುಗಿಯುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಆದರೂ ಮುಂದೇನು ಎಂಬುದಕ್ಕೆ ಅರೆಬರೆ ಉತ್ತರವಷ್ಟೇ ಸಿದ್ಧವಿತ್ತು: ಕೆಲವು ಊರುಗಳಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್. ಕರ್ನಾಟಕಕ್ಕೆ ಗುಲ್ಬರ್ಗದಲ್ಲಿ 1977ರಲ್ಲಿ ಅದು ಬಂತು. ಗುಲ್ಬರ್ಗದ ಸುತ್ತಲಿನ ಹಳ್ಳಿಗಳು ಬದುಕಿದವು. ಕೊಪ್ಪಳ, ಯಲಬುರ್ಗಾ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಒಂದು ವರ್ಷ ಟಿವಿಯ ಜಿಲ್ಲೆ ಎನಿಸಿಕೊಂಡ ರಾಯಚೂರಿನ ಈ ಮೂಲೆ ಮತ್ತೆ ಟಿವಿ ಇಲ್ಲದೆ ಬದುಕಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಮತ್ತು ಅದು ಹಣದ ಪ್ರಶ್ನೆ. ಸೆಟ್ಟು ಸರ್ಕಾರದ್ದು, ಛತ್ರಿ ಸರ್ಕಾರದ್ದು. ಹಳ್ಳಿಗರು ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ. ಪರದೆ ಕಪ್ಪಾದಾಗ ‘ಯಾಕೆ ನಿಲ್ಲಿಸಿದಿರಿ’ ಎಂದು ಕೇಳುವ ಹಕ್ಕು ಯಾರ ಕೈಯಲ್ಲಿತ್ತು? ಇದೇ ಎಳೆ ಹಿಡಿದು ಕೆಲವು ವಿಮರ್ಶಕರು ಬಿಬಿಸಿಯ ಕಡೆ ಬೊಟ್ಟು ಮಾಡುತ್ತಾರೆ: ನೋಡುಗನೇ ಶುಲ್ಕ ಕಟ್ಟಿದ್ದರೆ ಪ್ರಸಾರ ಸಂಸ್ಥೆ ಅವನಿಗೆ ಉತ್ತರ ಕೊಡುತ್ತಿತ್ತು, ಭಾರತ ಲೈಸೆನ್ಸ್ ಶುಲ್ಕ ಕೈಬಿಟ್ಟದ್ದೇ ತಪ್ಪು, ಅದನ್ನು ಮತ್ತೆ ತರಬೇಕು ಎಂದು. ಸದುದ್ದೇಶದ ವಾದ. ಆದರೆ ಇದರ ತಳಪಾಯ ಗಟ್ಟಿಯಿಲ್ಲ.

ಭಾರತದ ಲೈಸೆನ್ಸ್ ಪುಸ್ತಕ ನೋಡಿದವರಿಗೆ ಅದು ಗೊತ್ತು. ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೊಮ್ಮೆ ರೇಡಿಯೋಗೆ 15 ರೂಪಾಯಿ, ಟಿವಿಗೆ 50 ರೂಪಾಯಿ ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಹಚ್ಚಿಸಿಕೊಳ್ಳಬೇಕಿತ್ತು. ಅದರ ಹಿಂದಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆ. ಬ್ರಿಟಿಷರು ಆ ಕಾಯ್ದೆ ಮಾಡಿದ್ದು ಅನುಮತಿ ಇಲ್ಲದೆ ಯಾರೂ ಯಂತ್ರ ಇಟ್ಟುಕೊಳ್ಳಬಾರದು ಎಂದು. ಕಾರ್ಯಕ್ರಮ ಹೇಗಿರಬೇಕು ಎಂದು ಕೇಳುವ ಅಧಿಕಾರ ಆ ಪುಸ್ತಕದ ಯಾವ ಹಾಳೆಯಲ್ಲೂ ಇರಲಿಲ್ಲ. ಇನ್‌ಸ್ಪೆಕ್ಟರ್ ಬಂದರೆ ಮನೆಯಲ್ಲಿ ರೇಡಿಯೋ ಇದೆಯೇ ಎಂದು ಕೇಳುತ್ತಿದ್ದರು. ಬೇಸಾಯದ ಕಾರ್ಯಕ್ರಮ ಉಪಯೋಗವಾಯಿತೇ ಎಂದು ಕೇಳಿದವರಿಲ್ಲ. ಶುಲ್ಕ ಕಟ್ಟಿದ ಮೈಸೂರಿನ ಕೇಳುಗನೂ ಕಟ್ಟದ ಕುಷ್ಟಗಿಯ ನೋಡುಗನೂ ಈ ವಿಷಯದಲ್ಲಿ ಒಂದೇ.

ಶುಲ್ಕ ಹೋದದ್ದಾದರೂ ಯಾಕೆ? ಸೈಟ್ ನಡೆಯುತ್ತಿದ್ದಾಗಲೇ, 1976ರ ಜನವರಿ 1ರಂದು, ನಗರಗಳ ಟಿವಿಯಲ್ಲಿ ಜಾಹೀರಾತು ಶುರುವಾಯಿತು. ಅದೇ ಏಪ್ರಿಲ್ 1ಕ್ಕೆ ದೂರದರ್ಶನ ಆಕಾಶವಾಣಿಯಿಂದ ಬೇರೆಯಾಯಿತು. ಹಳ್ಳಿಗೆ ಪಾಠ ಕಳಿಸುತ್ತಿದ್ದ ವರ್ಷದಲ್ಲೇ ಪೇಟೆಗೆ ಸೋಪು ಮಾರಲು ಬಾಗಿಲು ತೆರೆಯಿತು. ಸೈಟ್ ಚರಿತ್ರೆಕಾರರು ಹಳ್ಳಿಯ ಪಾಠ, ಪೇಟೆಯ ಜಾಹೀರಾತು ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತಾರೆ. ಒಂದೇ ಪುಟದಲ್ಲಿ ಇಟ್ಟರೆ ಮುಂದಿನ ಹತ್ತು ವರ್ಷ ಅರ್ಥವಾಗುತ್ತದೆ: 1983ರಲ್ಲಿ ಇನ್‌ಸ್ಯಾಟ್-1ಬಿ, 1984ರಲ್ಲಿ ಊರೂರಿಗೆ ಸಣ್ಣ ಟ್ರಾನ್ಸ್‌ಮಿಟರ್, ಅದೇ ಜುಲೈಯಲ್ಲಿ ‘ಹಮ್ ಲೋಗ್’, ಪ್ರಾಯೋಜಕರ ಹಣ. ಆ ಹಣದ ಮುಂದೆ 50 ರೂಪಾಯಿಯ ಶುಲ್ಕ ವಸೂಲಿ ಮಾಡುವ ಶ್ರಮ ಯಾರಿಗೂ ಬೇಡವಾಯಿತು, ದಶಕದ ನಡುವೆ ಲೈಸೆನ್ಸ್ ರದ್ದಾಯಿತು. ಜನರಿಗೆ ಮುಕ್ತಿ ಸಿಕ್ಕಿತು ಎಂದು ಆಗ ಬರೆದವರಿದ್ದರು, ಈಗಲೂ ಇದ್ದಾರೆ. ನೋಡುಗ ಕೊಡುವವನ ಸ್ಥಾನದಿಂದ ಇಳಿದು ಮಾರಾಟವಾಗುವವನ ಸಾಲಿಗೆ ಬಂದ ಎಂಬುದನ್ನು ದೂರದರ್ಶನದ ಕಾರ್ಯಕ್ರಮಗಳನ್ನು ಪರಿಶೀಲಿಸಿದ ಪಿ.ಸಿ. ಜೋಶಿ ಸಮಿತಿಯಂಥ ಕೆಲವರಷ್ಟೇ ಗಂಭೀರವಾಗಿ ತೆಗೆದುಕೊಂಡರು.

ಬ್ರಿಟನ್ನಿನ ಮಾದರಿ ತರಬೇಕೆನ್ನುವವರು ಅಲ್ಲಿ ಈಗ ನಡೆದಿರುವ ಜಗಳವನ್ನೂ ಪೂರ್ತಿ ಹೇಳಬೇಕು. 2025ರಲ್ಲಿ ಅಲ್ಲಿಯ ಶುಲ್ಕ ವರ್ಷಕ್ಕೆ 174.50 ಪೌಂಡ್. ಬಿಬಿಸಿ ನೋಡದಿದ್ದರೂ ಯಾವುದೇ ಚಾನೆಲ್ಲನ್ನು ಪ್ರಸಾರವಾಗುವ ಹೊತ್ತಿಗೇ ನೋಡಿದರೆ ಲೈಸೆನ್ಸ್ ಬೇಕು. ಲಂಡನ್ನಿನ ಕನ್ನಡದ ಮನೆಯಲ್ಲಿ ಕನ್ನಡ ಸುದ್ದಿ ಚಾನೆಲ್ಲನ್ನು ಲೈವ್ ಹಾಕಿದರೂ ಅದೇ ನಿಯಮ. ನಿನ್ನೆಯ ಧಾರಾವಾಹಿಯನ್ನು ಬಿಬಿಸಿಯದಲ್ಲದ ಆ್ಯಪ್‌ನಲ್ಲಿ ನೋಡಿದರೆ ಬೇಡ. ಹಾಗಾಗಿ ಪ್ರಸಾರದ ಟಿವಿ ಬಿಟ್ಟು ಬದುಕುವುದು ಅಲ್ಲಿ ಕಾನೂನಿನ ಒಂದು ಸ್ಥಿತಿ, ಹಾಗೆ ಬದುಕುವವರು ಲೈಸೆನ್ಸ್ ಬೇಡವೆಂದು ತಿಳಿಸಬಹುದು. ಫ್ರಾನ್ಸ್ 2022ರಲ್ಲಿ ಶುಲ್ಕವನ್ನೇ ತೆಗೆದುಹಾಕಿತು, ಜರ್ಮನಿ 2013ರಿಂದ ಟಿವಿ ಇರಲಿ ಬಿಡಲಿ ಪ್ರತಿ ಮನೆಗೂ ಹಾಕಿತು. ಎಲ್ಲೂ ಇತ್ಯರ್ಥವಾಗದ ಪ್ರಶ್ನೆಯನ್ನು ಸಿದ್ಧ ಔಷಧಿಯೆಂದು ಕೊಪ್ಪಳಕ್ಕೆ ತರುವುದು ಸರಿಯಲ್ಲ.

ಅಷ್ಟಕ್ಕೂ ಇಲ್ಲಿಯ ಜನ ಈಗಾಗಲೇ ಶುಲ್ಕ ಕಟ್ಟುತ್ತಿದ್ದಾರೆ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಒಂದೂ ಪೇ ಚಾನೆಲ್ ಬೇಡವೆಂದವರಿಗೂ ನೆಟ್‌ವರ್ಕ್ ಶುಲ್ಕ ಎಂದು ತಿಂಗಳಿಗೆ 130 ರೂಪಾಯಿಯವರೆಗೆ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ, ಹಾಕಲು ಅವಕಾಶವಾಯಿತು. ಆ ಲೆಕ್ಕದಲ್ಲಿ ವರ್ಷಕ್ಕೆ 1,840 ರೂಪಾಯಿ ದಾಟುತ್ತಿತ್ತು. ದೂರದರ್ಶನದ ಕನ್ನಡ ವಾಹಿನಿ ಚಂದನವನ್ನು ಕೇಬಲ್ಲಿನಲ್ಲಿ ನೋಡಲೂ ನೆಟ್‌ವರ್ಕ್ ಶುಲ್ಕ ಕಟ್ಟಬೇಕು. ಆ ಹಣದಲ್ಲಿ ಒಂದು ರೂಪಾಯಿಯೂ ಚಂದನದ ಕಾರ್ಯಕ್ರಮಕ್ಕೆ ಹೋಗುವುದಿಲ್ಲ. ಹಳೆಯ 50 ರೂಪಾಯಿಯನ್ನು ಶೋಷಣೆ ಎಂದವರು ಇದರ ಬಗ್ಗೆ ಮೌನವಾಗಿದ್ದಾರೆ, ಬಿಬಿಸಿ ಪ್ರಿಯರೂ ಮೌನವಾಗಿದ್ದಾರೆ. ಈ ಮೌನ ಕಾಡುವಂಥದ್ದು.

ಟಿವಿ ಇಲ್ಲದ ಮನೆಯನ್ನು ಸಂಸ್ಕಾರದ ಗುರುತೆಂದು ಬರೆಯುವ ಬೆಂಗಳೂರಿನ ಅಂಕಣಗಳ ಜೊತೆಗೂ ಇಲ್ಲಿ ತಕರಾರಿದೆ. ಆ ಮನೆಗಳಲ್ಲಿ ಇಂಟರ್ನೆಟ್ ಇದೆ, ಲ್ಯಾಪ್‌ಟಾಪ್ ಇದೆ, ಪುಸ್ತಕವಿದೆ. ಕುಷ್ಟಗಿ, ಯಲಬುರ್ಗಾಗಳಿಂದ ಗುಳೆ ಹೋಗಿ ಬೆಂಗಳೂರು, ಮಂಗಳೂರು, ಗೋವಾಗಳಲ್ಲಿ ತಗಡಿನ ಶೆಡ್ಡುಗಳಲ್ಲಿ ಇರುವವರೂ ಟಿವಿ ಇಲ್ಲದೆ ಬದುಕುತ್ತಾರೆ. ಅವರಿಗೆ ಇರುವುದು ಒಂದು ಮೊಬೈಲು, ರೀಚಾರ್ಜ್ ಮುಗಿಯುವವರೆಗೆ. ಇವೆರಡನ್ನೂ ಒಂದೇ ಮಾತಿನಲ್ಲಿ ಹೇಳುವ ಬರಹ ಬಡತನವನ್ನು ಆಯ್ಕೆ ಎಂದು ತಿಳಿಯುತ್ತದೆ.

1976ರ ಜುಲೈ 31 ಮತ್ತೊಮ್ಮೆ ಬಂದುಹೋಯಿತು, ಗದ್ದಲವಿಲ್ಲದೆ. 2022ರ ಹೊತ್ತಿಗೆ ಪ್ರಸಾರ ಭಾರತಿ ದೇಶದ ಬಹುಪಾಲು ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಮುಚ್ಚಿತು. ಮನೆಯ ಮೇಲೆ ಆ್ಯಂಟೆನಾ ಕಟ್ಟಿ, ಯಾರಿಗೂ ಏನೂ ಕೊಡದೆ ಟಿವಿ ನೋಡುವ ಕಾಲ ಸಣ್ಣ ಊರುಗಳಲ್ಲಿ ಮುಗಿಯಿತು. ಉಳಿದದ್ದು ಡಿಡಿ ಫ್ರೀ ಡಿಶ್, 2004ರಲ್ಲಿ ಶುರುವಾದದ್ದು. ಒಮ್ಮೆ ಛತ್ರಿ ಮತ್ತು ಬಾಕ್ಸ್ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಬಡವರ ಟಿವಿ ಎಂದರೆ ಈಗ ಅದೇ. ಅದರಲ್ಲಿ ಖಾಸಗಿ ಚಾನೆಲ್ಲುಗಳ ಜಾಗ ಹರಾಜಾಗುತ್ತದೆ, ಹೆಚ್ಚು ಕೂಗಿದವರಿಗೆ ಸಿಗುತ್ತದೆ. ಹೆಚ್ಚು ಕೂಗುವುದು ಹಿಂದಿ ಮಾರುಕಟ್ಟೆ. ಸೈಟ್‌ನ ಸಂಜೆಯ ಅರ್ಧ ಗಂಟೆ ಹಿಂದಿ ಇಲ್ಲಿ ದಿನವಿಡೀ ಹರಡಿದೆ, ಈ ಸಲ ಸರ್ಕಾರದ ಆದೇಶದಿಂದಲ್ಲ, ಹರಾಜಿನ ಬಲದಿಂದ.

ಶುಲ್ಕ ಮರಳಿ ತಂದರೆ ಇದು ಸರಿಹೋಗುವುದಿಲ್ಲ. ಸರಿಪಡಿಸುವ ದಾರಿ 1990ರ ಪ್ರಸಾರ ಭಾರತಿ ಕಾಯ್ದೆಯಲ್ಲೇ ಇದೆ. ನೋಡುಗರ ದೂರು ಕೇಳಲು ಒಂದು ಪ್ರಸಾರ ಮಂಡಳಿ ಇರಬೇಕು, ಅದಕ್ಕೆ ನೆರವಾಗಲು ಪ್ರಾದೇಶಿಕ ಮಂಡಳಿಗಳನ್ನೂ ರಚಿಸಬಹುದು ಎಂದು ಅಲ್ಲಿ ಬರೆದಿದೆ. ದೂರು ಕೊಡಲು ಲೈಸೆನ್ಸ್ ಬೇಕೆಂದು ಅಲ್ಲಿಲ್ಲ. ಕಾಯ್ದೆ ಜಾರಿಗೆ ಬಂದದ್ದು 1997ರಲ್ಲಿ. 2014ರಲ್ಲಿ ಪ್ರಸಾರ ಭಾರತಿಯನ್ನು ಪರಿಶೀಲಿಸಿದ ಸ್ಯಾಮ್ ಪಿತ್ರೋಡಾ ಸಮಿತಿ ವರದಿ ಕೊಡುವಾಗಲೂ ಆ ಮಂಡಳಿ ಕಾಗದದಲ್ಲೇ ಇತ್ತು. ಸೈಟ್‌ನ ಸುವರ್ಣ ವರ್ಷವನ್ನು ನೆನೆಯುವ ವಿಚಾರ ಸಂಕಿರಣಗಳು ಒಂದು ಪ್ರಾದೇಶಿಕ ಮಂಡಳಿಯನ್ನು ಕಲಬುರಗಿಯಲ್ಲಿ ಕೂರಿಸಲು ಒತ್ತಾಯಿಸಲಿ. ಫ್ರೀ ಡಿಶ್ ಹರಾಜಿನಲ್ಲಿ ಕನ್ನಡಕ್ಕೆ ಎಷ್ಟು ಜಾಗ, ಚಂದನದಲ್ಲಿ ಮಳೆಯಾಶ್ರಿತ ಬೇಸಾಯಕ್ಕೆ ಎಷ್ಟು ನಿಮಿಷ ಎಂದು ಯಲಬುರ್ಗಾದ ರೈತ ಅಲ್ಲಿಗೆ ಬರೆದು ಕೇಳಲಿ, ಮಂಡಳಿ ಅವನಿಗೆ ಲಿಖಿತ ಉತ್ತರ ಕೊಡಲಿ.