ಕರೆಂಟಿನ ಗುಂಯ್‌ಗುಟ್ಟು, ತಂಬೂರಿಯ ಪಂಚಮ

ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಕಾಡಶೆಟ್ಟಿಹಳ್ಳಿ, ಪುಟ್ಟರಾಜ ಗವಾಯಿಗಳು ಹುಟ್ಟಿದ ದೇವಗಿರಿ ಎರಡೂ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನವು. ಇದೇ ಜಿಲ್ಲೆಯ ರಟ್ಟೀಹಳ್ಳಿಯ ಮನೆಯೊಂದರಲ್ಲಿ ಹಿಂದೂಸ್ತಾನಿ ಗಾಯನದ ರೆಕಾರ್ಡು ಕೇಳಲು ಹೊಸದಾಗಿ ಕೂತವರು ರಾಗ ಗುರುತಿಸುವ ಮೊದಲು ಸೆಟ್ಟಿನ ಗದ್ದಲ ಗುರುತಿಸುವುದನ್ನು ಕಲಿತರೆ ಒಳ್ಳೆಯದು.

ಮೊದಲು ಕಿವಿ

ಹಾಡುಗಾರರು ಬಾಯಿ ತೆರೆಯುವ ಮುನ್ನ ತಂಬೂರಿಯಷ್ಟೇ ನುಡಿಯುವ ಭಾಗವನ್ನು ಕೇಳಿ. ಗಾಯಕರ ಷಡ್ಜ ಕಾಳಿ ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ, ಆದರೆ ತಂಬೂರಿಯ ಮೊದಲ ತಂತಿಯ ಮಂದ್ರ ಪಂಚಮ ಸುಮಾರು 104 ಹರ್ಟ್ಸ್. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಆಂಪ್ಲಿಫೈಯರಿನೊಳಗೆ ಅದು ಡಿಸಿ ಆಗುವಾಗ ಉಳಿಯುವ ಏರಿಳಿತ 100 ಹರ್ಟ್ಸ್. ಅಂದರೆ ಈ ಗುಂಯ್‌ಗುಟ್ಟು ಪಂಚಮಕ್ಕಿಂತ ತುಸು ಕೆಳಗೆ ಕೂತು ಅದರೊಡನೆ ತಿಕ್ಕಾಡುತ್ತದೆ. ಸುರ ಕೂಡಿಸಿದ ತಂಬೂರಿಯೂ ಬೇಸೂರಾಗಿ ನಡುಗಿದಂತೆ ಕೇಳುತ್ತದೆ.

ಗದ್ದಲ ಎಲ್ಲಿಯದು?

ವಾಲ್ಯೂಮ್ ಸೊನ್ನೆಗಿಳಿಸಿದರೂ ಗುಂಯ್ ನಿಲ್ಲದಿದ್ದರೆ ದೋಷ ಹೆಚ್ಚಾಗಿ ಆಂಪ್ಲಿಫೈಯರಿನೊಳಗಿನದು. ಹಳೆಯ ಫಿಲ್ಟರ್ ಕೆಪಾಸಿಟರುಗಳನ್ನು ರಿಪೇರಿಯವರಿಗೆ ತೋರಿಸಿ.

ಸೆಟ್ ಆರಿಸಿ, ಪ್ಲೇಯರಿನಿಂದ ಬರುವ ಆಡಿಯೊ ವೈರ್ ತೆಗೆದು, ವೈರಿಲ್ಲದೆಯೇ ಸೆಟ್ ಮತ್ತೆ ಹಚ್ಚಿ. ಆಗ ಗುಂಯ್ ನಿಂತರೆ ಅದು ಎರಡು ದಾರಿಯಲ್ಲಿ ಅರ್ಥ್ ಕೂಡಿದ್ದರಿಂದಾದ ಗ್ರೌಂಡ್ ಲೂಪ್ ಇರಬಹುದು. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಸಾಲದಿದ್ದರೆ ಆಡಿಯೊ ವೈರಿನ ನಡುವೆ ಸೇರಿಸುವ ಚಿಕ್ಕ ಐಸೊಲೇಶನ್ ಟ್ರಾನ್ಸ್‌ಫಾರ್ಮರು ಬೇಕು.

ಪಂಪ್‌ಸೆಟ್ ಅಥವಾ ಹಿಟ್ಟಿನ ಗಿರಣಿ ಶುರುವಾದಾಗ, ಎಲ್‌ಇಡಿ ಬಲ್ಬು ಹಚ್ಚಿದಾಗ ಚಟಪಟ, ಜರ್ರ್ ಎಂದರೆ ಅದು ಲೈನಿನಲ್ಲಿ ಬಂದ ಗದ್ದಲ. ಕರೆಂಟಿನ ಲೈನಿಗೂ ಸೆಟ್ಟಿಗೂ ನಡುವೆ ಹಾಕುವ ದೊಡ್ಡ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನ ಕೆಲಸ ಇಲ್ಲಿ. ಅದರ ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕವಿಲ್ಲ. ವಿದ್ಯುತ್ತು ದಾಟುವುದು ಕಾಂತಕ್ಷೇತ್ರದ ಮೂಲಕ. ಸುರುಳಿಗಳ ನಡುವಿನ ಲೋಹದ ಶೀಲ್ಡು, ಫೇಸ್ ಮತ್ತು ನ್ಯೂಟ್ರಲ್ ಎರಡರಲ್ಲೂ ಒಟ್ಟಿಗೆ ಬರುವ ಗದ್ದಲವನ್ನು ಅರ್ಥಿಗೆ ಇಳಿಸುತ್ತದೆ.

ಕೊಳ್ಳುವಾಗ

ಈ ದೊಡ್ಡ ಟ್ರಾನ್ಸ್‌ಫಾರ್ಮರು 230ಕ್ಕೆ 230 ವೋಲ್ಟಿನ, ಶೀಲ್ಡ್ ಇರುವುದನ್ನೇ ಕೇಳಿ. ಸೆಟ್ಟುಗಳ ಹಿಂದೆ ಬರೆದ ವ್ಯಾಟ್ ಕೂಡಿಸಿ ಅದರ ಎರಡರಷ್ಟು ಇಲ್ಲವೇ ತುಸು ಹೆಚ್ಚು ವಿಎ ಇಟ್ಟುಕೊಳ್ಳಿ: 200 ವ್ಯಾಟಿಗೆ 400–500. ಟರ್ನ್‌ಟೇಬಲಿನಿಂದ ದೂರವಿಡಿ, ಇದರ ಕಾಂತಕ್ಷೇತ್ರವೇ ಪಿಕಪ್ಪಿನಲ್ಲಿ ಗುಂಯ್ ಎಬ್ಬಿಸಬಲ್ಲದು. ವೋಲ್ಟೇಜ್ ಏರಿಳಿತಕ್ಕೆ ಇದು ಮದ್ದಲ್ಲ, ಅದಕ್ಕೆ ಸ್ಟೆಬಿಲೈಜರ್ ಬೇರೆ ಬೇಕು. ಗುಂಯ್ ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವುದನ್ನೂ ಮರೆಯಬೇಡಿ.

ಬಿಟ್ಟುಬಿಡಬೇಕಾದ ಸದ್ದು

ಗಾಯಕಿ ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಹಾಡಿದ ಗ್ರಾಮಫೋನ್ ತಟ್ಟೆಗಳ ಚರಚರ ಕರೆಂಟಿನದಲ್ಲ, ತಟ್ಟೆಯದೇ. ಯಾವ ಟ್ರಾನ್ಸ್‌ಫಾರ್ಮರೂ ಅದನ್ನು ತೆಗೆಯದು. ಟ್ರೆಬಲ್ ಇಳಿಸಿ ಅದನ್ನು ಅಡಗಿಸಹೋದರೆ ತಂಬೂರಿಯ ಜವಾರಿಯ ಝೇಂಕಾರವೂ ದನಿಯ ಅಂಚೂ ಜೊತೆಗೇ ಅಳಿಸಿಹೋಗುತ್ತವೆ. ಚರಚರವನ್ನು ಹಾಗೇ ಬಿಡಿ. ನಾಲ್ಕಾರು ಸಲ ಕೇಳಿದರೆ ಕಿವಿಯೇ ಅದನ್ನು ಬದಿಗೆ ಸರಿಸಿ ದನಿಯನ್ನು ಹಿಡಿಯುತ್ತದೆ.