ಕಿವಿಗೆ ಬೀಳದ ಹಾಸ್ಯಕ್ಕೆ ಡ್ರೋನ್ ಯಾಕೆ?

ಕಿರುತೆರೆಯ ಹಾಸ್ಯವೆಂದರೆ ಕ್ಯಾಮರಾ ಮುಂದೆ ಆಡಿದ ರೇಡಿಯೋ ನಾಟಕ ಎಂದು ಮೂಗು ಮುರಿಯುವ ವಿಮರ್ಶಕರು ನಮ್ಮಲ್ಲಿದ್ದಾರೆ. ಈಟಿವಿ ಕನ್ನಡದ ‘ಸಿಲ್ಲಿ ಲಲ್ಲಿ’ಗೂ ಇದೇ ಹಣೆಪಟ್ಟಿ ಅಂಟಿತು. ನನ್ನ ಮಟ್ಟಿಗೆ ಅದರ ದೊಡ್ಡ ಗುಣವೇ ಇದು. ಒಲೆ ಮುಂದೆ ನಿಂತು ರೊಟ್ಟಿ ಬಡಿಯುವವರಿಗೂ ನಗು ಬರುತ್ತಿತ್ತು. ಸ್ವಂತ ದುಡ್ಡು ಹಾಕಿ ಹಾಸ್ಯದ ಪೈಲಟ್ ಸಂಚಿಕೆ ತೆಗೆಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಪಾಠ ಕನ್ನಡದಲ್ಲಿ ಇನ್ನೊಂದಿಲ್ಲ.

ವಿಜಯಪ್ರಸಾದ್ ನಿರ್ದೇಶನದ ಆ ಸರಣಿಯಲ್ಲಿ ರವಿಶಂಕರ್ ಗೌಡ ಮಾಡಿದ ಡಾಕ್ಟರ್ ವಿಠಲ್ ರಾವ್ ಪಾತ್ರವನ್ನೇ ತೆಗೆದುಕೊಳ್ಳಿ. ಆತ ತನ್ನ ಹೆಸರನ್ನು ಬಿರುದಿನ ಸಮೇತ ಮತ್ತೆ ಮತ್ತೆ ಹೇಳಿಕೊಳ್ಳುತ್ತಾನೆ. ಇದನ್ನು ಸವಕಲು ಚಟಾಕಿ ಎನ್ನುವವರು ಆ ಸಾಲು ಮಾಡುವ ಕೆಲಸ ಗಮನಿಸಿಲ್ಲ. ನಡುವೆ ಟಿವಿ ಹಾಕಿದವರಿಗೂ ಈತ ಯಾರು, ಎಂಥ ವೈದ್ಯ ಎಂಬುದು ಒಂದೇ ಉಸಿರಿಗೆ ತಿಳಿಯುತ್ತದೆ. ಹಿನ್ನೆಲೆ ವಿವರಿಸಲು ಬೇರೆ ದೃಶ್ಯ ಬೇಕಿಲ್ಲ, ಬೇರೆ ಜಾಗ ಬೇಕಿಲ್ಲ. ಮುಂದೆ ಕೂತ ರೋಗಿಯ ಮುಖ ಸಪ್ಪಗಾಗುವಷ್ಟು ಹೊತ್ತು ಮಾತು ನಿಂತರೆ ಸಾಕು, ನಗು ಅಲ್ಲೇ ಹುಟ್ಟುತ್ತದೆ. ಹೊಸ ಕಥೆಗೆ ಹೊಸ ರೋಗಿ ಬಂದರಾಯಿತು. ಖರ್ಚು ಒಬ್ಬ ನಟನದು. ಸಂಚಿಕೆಗಳು ಬೆಳೆದಂತೆ ಕೆಲವು ವರಸೆಗಳು ಸವೆದವು, ನಿಜ. ಆದರೆ ಪೈಲಟ್ಟಿಗೆ ಆ ಭಯವಿಲ್ಲ.

ನಮ್ಮ ಹೊಸಪೇಟೆ, ಕಂಪ್ಲಿ ಕಡೆಯ ಹುಡುಗರು ತೆಗೆಯುವ ಸಂಚಿಕೆಗಳು ಇದಕ್ಕೆ ತಿರುಗುಮುರುಗು. ಮೊದಲು ಹಂಪಿಯ ಮೇಲೆ ಡ್ರೋನ್ ಹಾರಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದರ ಓಡಾಟಕ್ಕೇ ದುಡ್ಡೂ ದಿನವೂ ಕರಗುತ್ತವೆ. ಉಳಿದ ಚಿಲ್ಲರೆಯಲ್ಲಿ ಧ್ವನಿ. ಪಾಪಿನಾಯಕನಹಳ್ಳಿಯಂಥ ಊರಲ್ಲಿ ಹೆದ್ದಾರಿಯ ಅದಿರು ಲಾರಿ, ಬಳ್ಳಾರಿ ಕಡೆಯ ರೈಲು ಎರಡೂ ಮಾತಿನ ನಡುವೆ ನುಗ್ಗುತ್ತವೆ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಫ್ಯಾನು ಫ್ರಿಜ್ಜು ನಿಲ್ಲಿಸಿ, ಕಾಲರಿನ ಮೈಕಿಗೆ ಬಟ್ಟೆ ಉಜ್ಜದಂತೆ ಟೇಪು ಹಚ್ಚಿ, ಖಾಲಿ ಕೋಣೆಯ ಸದ್ದನ್ನೂ ಒಂದು ನಿಮಿಷ ಹಿಡಿದಿಟ್ಟುಕೊಂಡರೆ ಎಡಿಟಿಂಗ್ ಟೇಬಲ್ಲಿನಲ್ಲಿ ಮಾತು ಉಳಿಯುತ್ತದೆ. ಇದಕ್ಕೆ ಬೇಕಾದದ್ದು ತಾಳ್ಮೆ. ಇನ್ನು ಮನೆಯಲ್ಲಿ ‘ಏನ್ಲೇ, ಎಲ್ಲಿಗೆ ಹೊಂಟಿ’ ಎನ್ನುವವರು ಕ್ಯಾಮರಾ ಕಂಡ ಕೂಡಲೇ ಬೆಂಗಳೂರಿನ ಕನ್ನಡ ಆಡುವುದು ನನಗೆ ಸಂಕಟದ ವಿಷಯ. ಆಡುಮಾತಿನ ಲಯವೇ ನಮ್ಮ ಕಡೆಯ ಹಾಸ್ಯದ ಅರ್ಧ ಜೀವ.

ಗುಣಮಟ್ಟದ ಚಿತ್ರಿಕೆಯಿದ್ದರೆ ಕೊಳ್ಳುವವರು ತಾವೇ ಬರುತ್ತಾರೆ ಎನ್ನುವ ವಿಮರ್ಶಕರೊಂದಿಗೂ ನನ್ನ ತಕರಾರಿದೆ. ದೂರದರ್ಶನದ ಕಾಲದಲ್ಲಿ ಪೈಲಟ್ ತೋರಿಸಿ ಒಪ್ಪಿಗೆ ಪಡೆದರೆ ಹದಿಮೂರು ಕಂತಿನ ದಾರಿ ತೆರೆಯುತ್ತಿತ್ತು. ಈಗ? ನಟ ರಕ್ಷಿತ್ ಶೆಟ್ಟಿಯವರ ನಿರ್ಮಾಣ ಸಂಸ್ಥೆ ಪರಂವಃ ಬೆನ್ನಿಗಿದ್ದ ‘ಏಕಂ’ ಸರಣಿಯನ್ನೇ ಒಟಿಟಿಗಳು ಕೊಳ್ಳಲಿಲ್ಲ. 2024ರಲ್ಲಿ ಅದು ಸ್ವಂತ ಜಾಲತಾಣದಲ್ಲೇ ಬಿಡುಗಡೆಯಾಯಿತು. ಅಂಥ ಹೆಸರಿಗೇ ಹೀಗಾದರೆ, ಊರಿನ ಹುಡುಗರು ಕೊಳ್ಳುವವನ ಕಣ್ಣು ಸೆಳೆಯಲು ಸಾಲ ಮಾಡುವುದರಲ್ಲಿ ಅರ್ಥವಿಲ್ಲ.

ಡ್ರೋನ್ ಬಾಡಿಗೆಯ ದುಡ್ಡನ್ನು ಒಳ್ಳೆಯ ಮೈಕಿಗೂ ಬರೆಯುವವನ ಸಂಭಾವನೆಗೂ ಕೊಡಿ. ಒಂದೇ ಮನೆಯಲ್ಲಿ, ನಿಮ್ಮದೇ ಮಾತಿನಲ್ಲಿ ತೆಗೆಯಿರಿ.